ಶ್ರೀಕಂಠಯ್ಯನವರ ಬಲಗಿವಿ

ಕಾರಿನಲ್ಲಿ ಇಲ್ಲದ ಸದ್ದೊಂದನ್ನು ನಾನು ಬಾಯಲ್ಲಿ ಮಾಡಿ ತೋರಿಸಿದೆ. ಅದನ್ನು ನಂಬಿ ಶ್ರೀಕಂಠಯ್ಯನವರು ತಮ್ಮ ಹಳೆಯ ಕಾರಿನ ಹಿಂದಿನ ಎರಡೂ ಚಕ್ರಗಳ ಬೇರಿಂಗ್ ಬದಲಾಯಿಸಿಬಿಟ್ಟರು. ಇದನ್ನು ಮೊದಲೇ ಹೇಳಿಬಿಡುವುದು ನನಗೇ ಕ್ಷೇಮ. ಕುವೈತಿನ ಅಬು ಹಲೀಫಾದ ನಮ್ಮ ಬಿಲ್ಡಿಂಗಿನಲ್ಲಿ ಈ ಕತೆಯನ್ನು ಬೇರೆಯವರು ಹೇಳುವಾಗ ನನ್ನ ಪೆದ್ದುತನಕ್ಕೆ ಇನ್ನೂ ನಾಲ್ಕು ಕೈಕಾಲು ಸೇರಿಸುತ್ತಾರೆ. ನನ್ನ ಬಾಯಿಂದಲೇ ಬಂದರೆ ಎರಡಾದರೂ ಕಮ್ಮಿಯಾಗುತ್ತದೆ.

ನಾನು ಉಡುಪಿ ಕಡೆಯವನು. ಹಗಲು ಏಸಿ ಮಾರುವ ಅಂಗಡಿಯಲ್ಲಿ ಸೇಲ್ಸ್‌ಮನ್, ಉಳಿದ ಹೊತ್ತು ಮಿಮಿಕ್ರಿ. ಬಿಲ್ಡಿಂಗ್ ಕಾಯುವ ಹಾರಿಸನ ಕೆಮ್ಮು, ರಜೆ ಕೇಳಿದರೆ ನಮ್ಮ ಮ್ಯಾನೇಜರ್ ನಾಳೆ, ನಾಳೆ ಎಂದು ಅರಬ್ಬಿಯಲ್ಲಿ ಎಳೆಯುವ ‘ಬುಕ್ರಾ... ಬುಕ್ರಾ’, ಊರಿಗೆ ಫೋನ್ ಮಾಡಿದಾಗ ‘ಇಲ್ಲಿ ಎಲ್ಲ ಸುಖ’ ಎಂದು ನಾನೇ ಅಮ್ಮನಿಗೆ ಹೇಳುವ ಆ ಸಕ್ಕರೆ ದನಿ, ಯಾವುದನ್ನೂ ಬಿಟ್ಟವನಲ್ಲ. ಆದರೆ ರಾಜ್ಯೋತ್ಸವದ ವೇದಿಕೆಯಲ್ಲಿ ನನಗೆ ಅತಿ ಹೆಚ್ಚು ಚಪ್ಪಾಳೆ ತಂದುಕೊಟ್ಟದ್ದು ಶ್ರೀಕಂಠಯ್ಯನವರ ಪ್ರದಕ್ಷಿಣೆ.

ಯಾರಾದರೂ ಮಾತಾಡಿಸಿದರೆ ಅವರು ನಿಂತಲ್ಲಿ ನಿಲ್ಲುತ್ತಿರಲಿಲ್ಲ. ಮಾತಾಡುವವರ ಸುತ್ತ ಅರ್ಧ ಸುತ್ತು ಬಂದು, ಅವರನ್ನು ತಮ್ಮ ಬಲಕ್ಕೆ ಇಟ್ಟುಕೊಂಡು, ತಲೆ ಬಗ್ಗಿಸಿ, “ಹೂಂ, ಈಗ ಹೇಳು” ಎನ್ನುತ್ತಿದ್ದರು. ಇಬ್ಬರು ಎರಡು ಕಡೆಯಿಂದ ಮಾತಾಡಿಸಿದರಂತೂ ಸುತ್ತು ನಿಲ್ಲುತ್ತಲೇ ಇರಲಿಲ್ಲ. ವೇದಿಕೆಯ ಮೇಲೆ ನಾನು ಮೈಕಿನ ಕಂಬಕ್ಕೆ ಹಾಗೆ ಸುತ್ತಿ ಸುತ್ತಿ, ವಯರಿಗೆ ಕಾಲು ಸಿಕ್ಕಿಸಿಕೊಂಡು ಬಿದ್ದೆ. ಮುಂದಿನ ಸಾಲಿನಲ್ಲಿ ಕೂತಿದ್ದ ಅವರು ಕಣ್ಣೊರೆಸಿಕೊಂಡು ನಕ್ಕರು. ಸುತ್ತುವುದಕ್ಕೆ ಕಾರಣವೊಂದು ಇರಬಹುದು ಎಂದು ನನಗೆ ಆಗ ಹೊಳೆಯಲೇ ಇಲ್ಲ.

ನಂಜನಗೂಡಿನವರು. ಮೀನಾ ಅಲ್ ಅಹ್ಮದಿಯ ರಿಫೈನರಿಯಲ್ಲಿ ಎಂಜಿನಿಯರ್. ಪಂಪು, ಕಂಪ್ರೆಸರ್, ಫ್ಯಾನು, ತಿರುಗುವುದೆಲ್ಲ ಅವರ ಪಾಲಿನದು. ಬೆಳಿಗ್ಗೆ ಹಣೆಗೆ ಮೂರು ಗೆರೆ ವಿಭೂತಿ ಎಳೆದು ಕಂಪನಿಯ ಬಸ್ಸು ಹತ್ತುತ್ತಿದ್ದರು; ಹೆಲ್ಮೆಟ್ಟಿನ ಪಟ್ಟಿ ಮೇಲಿನ ಗೆರೆಯನ್ನು ಒರೆಸಿ, ಸಂಜೆ ಇಳಿಯುವಾಗ ಎರಡೇ ಉಳಿದಿರುತ್ತಿದ್ದವು. ಕೈಚೀಲದಲ್ಲಿ ಮರದ ಹಿಡಿಯ ಉದ್ದನೆಯ ಸ್ಕ್ರೂಡ್ರೈವರ್ ಒಂದು ಯಾವಾಗಲೂ ಇರುತ್ತಿತ್ತು. ಯಂತ್ರಕ್ಕೆ ಅದರ ತುದಿ ಒತ್ತಿ, ಹಿಡಿಯನ್ನು ಬಲಗಿವಿಯ ಪಕ್ಕದ ಎಲುಬಿಗೆ ಆನಿಸಿ, ಕಣ್ಣು ಮುಚ್ಚಿ ನಿಲ್ಲುವರು. “ಮೊದ್ಲು ಕೇಳ್ಬೇಕು, ಆಮೇಲೆ ಮುಟ್ಬೇಕು, ಬಿಚ್ಚೋದು ಕೊನೇಗೆ ಕಣಯ್ಯಾ” ಎಂಬುದು ಅವರ ಮಾತು. ಈ ಮಾತನ್ನು ನಾನು ಅವರಿಗಿಂತ ಚೆನ್ನಾಗಿ ಹೇಳುತ್ತಿದ್ದೆ ಎಂದು ಅವರೇ ಒಪ್ಪಿದ್ದರು.

ಒಮ್ಮೆ ನಮ್ಮ ಲಿಫ್ಟಿನಲ್ಲಿ ಏನೋ ಸದ್ದು ಬಂತು. ಇವರು ಸ್ಕ್ರೂಡ್ರೈವರ್ ತೆಗೆದು ಲಿಫ್ಟಿನ ಗೋಡೆಗೆ ಒತ್ತಿದರು, ಮೂರನೇ ಮಹಡಿಯಲ್ಲಿ ಎಲ್ಲರನ್ನೂ ಇಳಿಸಿದರು, ಹಾರಿಸನನ್ನು ಕರೆದು “ಖಲಾಸ್. ಯಾರೂ ಹತ್ತಬಾರದು” ಎಂದರು. ಅಕ್ಕಿ ಮೂಟೆ ಹೊತ್ತವರು, ಗ್ಯಾಸ್ ಸಿಲಿಂಡರ್ ತಂದವರು, ಮಕ್ಕಳ ತಳ್ಳುಗಾಡಿಯವರು ಎಲ್ಲರೂ ಮೆಟ್ಟಿಲೇ ಹತ್ತಿದರು. ಕೊನೆಗೆ ಲಿಫ್ಟ್ ಕಂಪನಿಯವನು ಬಂದು ನೋಡಿದರೆ, ಮೇಲಿನ ಒಂದು ತಗಡು ಸಡಿಲವಾಗಿತ್ತು, ಅಷ್ಟೇ. ಇಡೀ ಬಿಲ್ಡಿಂಗಿನ ಮೊಣಕಾಲುಗಳ ಪರವಾಗಿ ನಾನು ಕೇಳಿದೆ.

“ಎಂತದೂ ಇರ್ಲಿಲ್ಲವಲ್ಲ ಸರ್?”

“ಏನೂ ಇಲ್ಲ ಅಂತ ಇವತ್ತು ಗೊತ್ತಾಯ್ತು. ನಿನ್ನೆ ಗೊತ್ತಿತ್ತಾ?”

ಇಂಥವರು ನಿವೃತ್ತಿಯಾಗಿ ಊರಿಗೆ ಹೊರಟರು. ಹೆಂಡತಿ ಮೊದಲೇ ಹೋಗಿ ಮೈಸೂರಿನಲ್ಲಿ ಮನೆ ಹೂಡಿದ್ದರು. ಇಲ್ಲಿ ಇರಲು ಕೊಡುವ ಇಕಾಮಾ ಪರವಾನಗಿ ರದ್ದಾಗುವ ದಿನ, ಶುಕ್ರವಾರ ಸಂಜೆಯ ವಿಮಾನ, ಎಲ್ಲ ಗೊತ್ತಾಗಿತ್ತು. ಉಳಿದದ್ದು ಕಾರು. ಅದನ್ನು ನಾಲ್ಕನೇ ಮಹಡಿಯ ಸುಮತಿಯಕ್ಕನಿಗೆ ಕೊಡುತ್ತೇನೆಂದು ಮಾತು ಕೊಟ್ಟಿದ್ದರು.

ಸುಮತಿಯಕ್ಕ ಮೂಲ್ಕಿ ಕಡೆಯವರು, ಗಣಿತದ ಟೀಚರ್. ಮಕ್ಕಳು ಹುಟ್ಟಿದ ಮೇಲೆ ಕೆಲಸ ಬಿಟ್ಟವರಿಗೆ ಮತ್ತೆ ಸಿಕ್ಕಿರಲಿಲ್ಲ. ಈಗ ಖೈತಾನಿನ ಒಂದು ಶಾಲೆಯಲ್ಲಿ ಸಿಕ್ಕಿತ್ತು, ಅದೂ ಇಲ್ಲಿ ವಾರದ ಕೆಲಸ ಶುರುವಾಗುವ ಭಾನುವಾರವೇ ಸೇರಬೇಕೆಂಬ ಷರತ್ತಿನ ಮೇಲೆ. ಶಾಲೆಯ ಬಸ್ಸು ನಮ್ಮ ಕಡೆ ಬರುವುದಿಲ್ಲ. ಗಂಡನದು ಶಿಫ್ಟ್ ಡ್ಯೂಟಿ. ಆ ಕಾರಿದ್ದರೆ ಇಬ್ಬರು ಮಕ್ಕಳನ್ನೂ ಅದೇ ಶಾಲೆಗೆ ಹಾಕಿ, ಜೊತೆಗೇ ಕರೆದೊಯ್ಯಬಹುದು. ಇಲ್ಲದಿದ್ದರೆ ಕೆಲಸಕ್ಕೆ ಬೇಡ ಎನ್ನಬೇಕು. ಕಾರು ಸುಮತಿಯಕ್ಕನ ಹೆಸರಿಗೆ ಬದಲಾಗಲು ಶ್ರೀಕಂಠಯ್ಯನವರು ಮೊಬೈಲಿನಲ್ಲಿ ಒಪ್ಪಿಗೆಯ ಒಂದು ಗುಂಡಿ ಒತ್ತಿದರೆ ಸಾಕಿತ್ತು. ಅದನ್ನು ಅವರು ಇಲ್ಲಿರುವಾಗಲೇ ಒತ್ತಬೇಕು. ದೇಶ ಬಿಟ್ಟ ಮೇಲೆ ಆ ಗುಂಡಿಗೆ ಅವರ ಬೆರಳಿನ ಗುರುತು ಇರುವುದಿಲ್ಲ.

ಅವರು ಒತ್ತಲಿಲ್ಲ. ಕಾರಿನಲ್ಲಿ ಸದ್ದಿತ್ತು.

ತರಕಾರಿಗೆ, ಔಷಧಿಗೆ ಎಂದು ಹತ್ತಿರದಲ್ಲೇ ಓಡುತ್ತಿದ್ದ ಗಾಡಿ. ಕೊಡುವ ಮುಂಚೆ ಒಮ್ಮೆ ಹೆದ್ದಾರಿಯಲ್ಲಿ ಓಡಿಸಿ ನೋಡೋಣವೆಂದು ಆ ವಾರದ ಮೊದಲಲ್ಲಿ ನನ್ನನ್ನೂ ಕೂರಿಸಿಕೊಂಡು ಹೋದಾಗ ಗೊತ್ತಾಯಿತು. ಎಂಬತ್ತು ದಾಟುತ್ತಿದ್ದಂತೆ ಹಿಂದಿನಿಂದ ಹೂಂ ಎಂದು ಶುರುವಾಯಿತು. ಮುಚ್ಚಿದ ಕೋಣೆಯಲ್ಲಿ ಯಾರೋ ಬಾಯಿ ತೆರೆಯದೆ ರಾಗ ಹಿಡಿದ ಹಾಗೆ. ಸೀಟಿನಡಿಯಿಂದ ಬೆನ್ನಿಗೆ, ಬೆನ್ನಿನಿಂದ ಹಲ್ಲಿಗೆ ನಡುಕ ಏರಿತು. ನೂರಕ್ಕೆ ಮುಟ್ಟಿದಾಗ ಕನ್ನಡಿಯಲ್ಲಿ ಹಿಂದೆ ಬರುತ್ತಿದ್ದ ಒಂದು ಲಾರಿ ಮೂರು ಲಾರಿಯಾಗಿ ಕಾಣಿಸಿತು. ನಾನು ಸೀಟ್‌ಬೆಲ್ಟ್ ಹಾಕಿಕೊಂಡಿದ್ದೇನೆಯೇ ಎಂದು ಎರಡು ಸಲ ಮುಟ್ಟಿ ನೋಡಿಕೊಂಡೆ.

“ಎಲ್ಲಿಂದ ಬರ್ತಿದೆ?” ಎಂದು ಅವರು ಕೇಳಿದರು.

“ಹಿಂದಿನಿಂದ ಸರ್.”

“ಎಡಕ್ಕೋ, ಬಲಕ್ಕೋ?”

ನನಗೆ ಗೊತ್ತಾಗಲಿಲ್ಲ. ಅವರಿಗೇ ಗೊತ್ತಾಗದ್ದು ನನಗೆ ಆಶ್ಚರ್ಯ. ನೇರ ಇದ್ರೀಸ್ ಭಾಯಿಯ ಗ್ಯಾರೇಜಿಗೆ ಹೋದೆವು. ಅಲ್ಲಿ ನಿಂತ ಗಾಡಿಗೆ ಸದ್ದೆಲ್ಲಿಯದು? ಶ್ರೀಕಂಠಯ್ಯನವರು ನನ್ನ ಹೆಗಲ ಮೇಲೆ ಕೈಯಿಟ್ಟು ಹೇಳಿದರು. “ನೀನು ಕೇಳಿದ್ದನ್ನ ಇವರಿಗೆ ಹಾಗೇ ಮಾಡಿ ತೋರ್ಸು. ಕಮ್ಮಿ ಬೇಡ, ಜಾಸ್ತಿ ಬೇಡ.”

ನಾನು ಹೂಂ ಎಂದೆ. ಮೆಕ್ಯಾನಿಕ್ಕುಗಳು ಸ್ಪ್ಯಾನರ್ ಕೆಳಗಿಟ್ಟು ಬಂದು ಸುತ್ತ ನಿಂತರು. ನಾಲ್ಕು ಜನ ಸೇರಿದರೆ ನನ್ನ ಗಂಟಲು ನನ್ನ ಮಾತು ಕೇಳುವುದಿಲ್ಲ. ಬರೀ ಹೂಂಕಾರಕ್ಕೆ ಯಾರ ಮುಖದಲ್ಲೂ ಬೆಳಕಿಲ್ಲ. ಎರಡನೇ ಸಲ ಮಾಡುವಾಗ ಅದರ ಬಾಲಕ್ಕೆ ಒಂದಿಷ್ಟು ‘ಗರಗರಗರ’ ಸೇರಿಸಿದೆ. ರುಬ್ಬುವ ಕಲ್ಲಿನಲ್ಲಿ ಮರಳು ಬಿದ್ದ ಹಾಗೆ, ಬಹಳ ಚೆನ್ನಾಗಿ ಬಂತು. ಚಪ್ಪಾಳೆ ಬಿತ್ತು. ಇದ್ರೀಸ್ ಭಾಯಿ ಬೆರಳೆತ್ತಿ “ಬೇರಿಂಗ್” ಎಂದ. ಶ್ರೀಕಂಠಯ್ಯನವರೂ ತಲೆಯಾಡಿಸಿದರು. ಆ ಗರಗರ ಬೇರಿಂಗಿನದಲ್ಲದೆ ಬೇರೆ ಯಾವುದರದೂ ಆಗಿರಲು ಸಾಧ್ಯವಿರಲಿಲ್ಲ; ನನ್ನ ಕಲೆ ಅಷ್ಟು ಶುದ್ಧ.

ಮಂಗಳವಾರ ಬೇರಿಂಗ್ ಬದಲಾಯಿತು. ಬುಧವಾರ ಬೆಳಿಗ್ಗೆ ಹೆದ್ದಾರಿಗೆ ಇಳಿದರೆ ಎಂಬತ್ತಕ್ಕೆ ಸರಿಯಾಗಿ ಹೂಂ ಎಂದಿತು.

ಗ್ಯಾರೇಜಿಗೆ ವಾಪಸ್ಸು ಬಂದಾಗ ಇದ್ರೀಸ್ ಭಾಯಿ ಬಿಚ್ಚಿಟ್ಟ ಹಳೆಯ ಬೇರಿಂಗ್ ತಂದುಕೊಟ್ಟ. “ಸಾಬ್, ಇಸ್ಮೇ ತೋ ಕುಛ್ ನಹೀ ಥಾ” ಎಂದ; ಅದರಲ್ಲಿ ಕೆಟ್ಟದ್ದೇನೂ ಇರಲಿಲ್ಲವಂತೆ. ಶ್ರೀಕಂಠಯ್ಯನವರು ಅದನ್ನು ಬಲಗಿವಿಯ ಹತ್ತಿರ ಹಿಡಿದು ಬೆರಳಿನಿಂದ ತಿರುಗಿಸಿದರು. ಬೆಣ್ಣೆಯಂತೆ ತಿರುಗಿತು. ಇನ್ನೊಂದನ್ನು ತಿರುಗಿಸಿದರು. ಅದೂ ಹಾಗೇ. ಆಮೇಲೆ ನನ್ನ ಕಡೆ ನೋಡಿದರು.

“ಆ ಗರಗರ ಎಲ್ಲಿಂದ ತಂದೆ?”

ನಗಿಸಿ ತಪ್ಪಿಸಿಕೊಳ್ಳಲು ಬಾಯಿ ತೆರೆದೆ. ಬೇರೆ ಯಾರ ದನಿಯೂ ಒದಗಲಿಲ್ಲ. “ಸ್ವಲ್ಪ... ಮಸಾಲೆ ಹಾಕಿದೆ ಸರ್” ಎಂದೆ, ಬಹಳ ದಿನಗಳ ಮೇಲೆ ನನ್ನದೇ ದನಿಯಲ್ಲಿ.

ಅವರು ಬೈಯಲಿಲ್ಲ. ಗ್ಯಾರೇಜಿನ ಹೊರಗೆ ಕರೆದುಕೊಂಡು ಹೋಗಿ, ಅರ್ಧ ಸುತ್ತು ಬಂದು ನಿಂತರು. “ನಂಗೆ ಎಡಗಿವಿ ಇಲ್ಲ ಕಣಯ್ಯಾ. ಬಲಗಿವೀಲೂ ಅರ್ಧಾನೇ. ಒಂದೇ ಕಿವಿಯೋನಿಗೆ ಸದ್ದು ಯಾವ ಕಡೇದು ಅಂತ ತಿಳಿಯಲ್ಲ. ಆ ಹೂಂಕಾರ ನಂಗೆ ಮೈಗೆ ಗೊತ್ತಾಯ್ತೇ ಹೊರ್ತು ಕಿವಿಗೆ ಬೀಳಲೇ ಇಲ್ಲ. ಅದಕ್ಕೇ ನಿನ್ನ ಕಿವಿ ಕೇಳಿದ್ದೆ. ನೀನು ಬಾಯಿ ಕೊಟ್ಟೆ.”

ಕುವೈತಿಗೆ ಬರುವ ಎಷ್ಟೋ ಮೊದಲು, ಊರಿನ ಯಾವುದೋ ಸಣ್ಣ ಕಾರ್ಖಾನೆಯಲ್ಲಿ ಇವರು ಹೊಸಬರಾಗಿದ್ದಾಗ, ಒಂದು ಪಂಪು ಹೀಗೇ ಸಣ್ಣಗೆ ಸದ್ದು ಮಾಡುತ್ತಿತ್ತಂತೆ. ನಾಳೆ ನೋಡೋಣವೆಂದು ಬಿಟ್ಟಿದ್ದರಂತೆ. ಅದು ಅಂದೇ ಒಡೆಯಿತು. ಎಡಗಿವಿ ಅಲ್ಲೇ ಹೋಯಿತು. ಪಕ್ಕದಲ್ಲಿ ನಿಂತಿದ್ದ ಫಿಟ್ಟರ್ ಉಳಿಯಲಿಲ್ಲ.

“ಆ ಹೆಣ್ಮಗಳು ಎರಡು ಮಕ್ಕಳನ್ನ ಹಿಂದೆ ಕೂರಿಸ್ಕೊಂಡು ದಿನಾ ಈ ರಸ್ತೇಲಿ ಹೋಗ್ತಾಳೆ” ಎಂದರು. “ಏನು ಅಂತ ಗೊತ್ತಿಲ್ದಿರೋ ಸದ್ದನ್ನ ನಾನು ಅವಳಿಗೆ ಕೊಡಲ್ಲ. ಕಾರು ಗುಜರಿಗೆ ಹೋಗಲಿ.”

ಆ ವೇದಿಕೆಯ ಮೇಲೆ ನಾನು ಬಿದ್ದದ್ದು ಸಾಲದು ಎನ್ನಿಸಿತು.

ಗ್ಯಾರೇಜಿನಿಂದ ಹಿಂತಿರುಗಿದಾಗ ಸುಮತಿಯಕ್ಕ ಕೆಳಗೇ ಕಾಯುತ್ತಿದ್ದರು. “ಎಂತ ಸರ್, ಪ್ರಿನ್ಸಿಪಾಲರ ಫೋನ್ ಬಂದಿತ್ತು. ಗಾಡಿ ಉಂಟಾ, ಇಲ್ವಾ? ಒಂದು ಹೇಳಿ. ಇಲ್ಲದಿದ್ರೆ ಬೇರೆಯವರನ್ನು ತಗೊಳ್ತಾರಂತೆ.”

“ಸಂಜೆ ಹೇಳ್ತೀನಮ್ಮಾ.”

“ಸಂಜೆಯವರೆಗೆ ಅವರು ಕಾಯ್ತಾರೆ, ನನ್ನ ಎದೆ ಕಾಯ್ಬೇಕಲ್ಲ” ಎಂದು ನನ್ನ ಕಡೆ ತಿರುಗಿದರು. “ನೀನು ಎಂತ ಮಾರಾಯ, ಬಾಯಿಗೆ ಬೀಗ? ಜ್ವರವಾ?”

ಮಧ್ಯಾಹ್ನ ಮತ್ತೆ ಹೊರಟೆವು. ಇಲ್ಲಿನ ಕಾರುಗಳಲ್ಲಿ ಸ್ಟೇರಿಂಗ್ ಎಡಕ್ಕೆ, ಹಾಗಾಗಿ ನಾನು ಅವರ ಬಲಗಿವಿಯ ಪಕ್ಕದಲ್ಲೇ ಕೂತೆ. ನಿಯಮ ಹೀಗಿತ್ತು: ನಾನು ಬಾಯಿ ತೆರೆಯಬಾರದು. ಸದ್ದು ಇದ್ದ ಹಾಗೇ ಇದ್ದರೆ ಒಂದು ಬೆರಳು, ಬದಲಾದರೆ ಎರಡು. ಚಳಿ ಶುರುವಾಗಿದ್ದ ದಿನಗಳು, ಕಿಟಕಿ ಇಳಿಸಿದ್ದೆವು. ಗಾಳಿ ರಸ್ತೆಯ ಅಡ್ಡಕ್ಕೆ ಮರಳನ್ನು ಎಳೆಯುತ್ತಿತ್ತು.

ನೂರಕ್ಕೆ ಏರಿಸಿ ಗೇರನ್ನು ನ್ಯೂಟ್ರಲ್ಲಿಗೆ ತಂದರು. ಎಂಜಿನ್ನಿನ ದನಿ ತಗ್ಗಿತು, ಹೂಂಕಾರ ತಗ್ಗಲಿಲ್ಲ. ಒಂದು ಬೆರಳು. “ಎಂಜಿನ್ ಅಲ್ಲ” ಎಂದು ಗೊಣಗಿದರು. ಆಮೇಲೆ ಕನ್ನಡಿ ನೋಡಿ, ಖಾಲಿಯಿದ್ದ ಎರಡು ಸಾಲುಗಳ ನಡುವೆ ಗಾಡಿಯನ್ನು ಎಡಕ್ಕೆ ವಾಲಿಸಿದರು, ಬಲಕ್ಕೆ ವಾಲಿಸಿದರು. ಬೇರಿಂಗ್ ಕೆಟ್ಟಿದ್ದರೆ ಭಾರ ಬಿದ್ದ ಕಡೆ ದನಿ ಏರಬೇಕಂತೆ. ಅದೆಲ್ಲಿದ್ದನೋ, ಒಂದು ಲಾರಿಯವನು ನಮ್ಮ ಬೆನ್ನಿಗೆ ಬಂದು ಹಾರ್ನ್ ಒತ್ತಿ ಹಿಡಿದ. ನನ್ನ ಬಾಯಿಂದ ಕೂಗು ಹೊರಟೇಬಿಟ್ಟಿತು.

“ಅದು ಗಾಡಿ ಸದ್ದಾ, ನಿಂದಾ?”

“ನಂದು ಸರ್.”

“ಹಾಗಾದ್ರೆ ಬೆರಳು ತೋರ್ಸು.”

ಒಂದೇ ಬೆರಳು. ಹೀಗೇ ಮಂಗಾಫ್ ದಾಟಿದೆವು. ಇನ್ನೇನು ತಿರುಗಿಸಬೇಕು ಎನ್ನುವಾಗ ಹೊಸದಾಗಿ ಡಾಂಬರು ಹಾಕಿದ ರಸ್ತೆ ಬಂತು, ಹಲಗೆಯ ಹಾಗೆ ನುಣುಪು. ಹೂಂಕಾರದ ಬಣ್ಣವೇ ಬದಲಾಯಿತು. ಎತ್ತರದಲ್ಲಿದ್ದದ್ದು ತಗ್ಗಿಗೆ ಇಳಿದು, ಮಧ್ಯೆ ಮಧ್ಯೆ ಬಡಿದಂತೆ ಕೇಳಿಸತೊಡಗಿತು. ನಾನು ಎರಡು ಬೆರಳೆತ್ತಿದೆ. ಹಳೆಯ ಡಾಂಬರು ಬಂದಾಗ ಮತ್ತೆ ಮೊದಲಿನ ಹಾಗೆ. ಅವರು ವಾಪಸ್ಸು ತಿರುಗಿಸಿ ಅದೇ ಜಾಗದಲ್ಲಿ ಎರಡು ಸಲ ಓಡಿಸಿದರು. ಎರಡೂ ಸಲ ಎರಡು ಬೆರಳು.

“ಮಸಾಲೆ?”

“ಉಪ್ಪು ಕೂಡ ಹಾಕಿಲ್ಲ ಸರ್.”

“ರಸ್ತೆ ಬದಲಾದ್ರೆ ಸದ್ದು ಬದಲಾಗತ್ತೆ ಅಂದ್ರೆ, ರಸ್ತೆ ಮುಟ್ಟೋದು ಒಂದೇ” ಎಂದರು. ಟೈರು.

ಆದರೆ ಟೈರು ಕಣ್ಣಿಗೆ ಹೊಸದರ ಹಾಗೆ ಇತ್ತು. ಗಾಳಿ ಸರಿ, ಹಲ್ಲು ಸರಿ. ಬಿಲ್ಡಿಂಗಿನ ಕೆಳಗೆ ಜ್ಯಾಕ್ ಕೊಟ್ಟು ಹಿಂದಿನ ಚಕ್ರ ಎತ್ತಿದೆವು. “ಸೀಮೆಸುಣ್ಣ ಇದೆಯಾ?” ಎಂದು ಕೇಳಿದರು. ನನ್ನಲ್ಲಿ ಎಲ್ಲಿಯದು? ಮೇಲೆ ಹೋದವರು ಪೂಜೆಯ ಪೆಟ್ಟಿಗೆಯಿಂದ ವಿಭೂತಿಯ ಗಟ್ಟಿ ತಂದರು. ಅದನ್ನು ಹಣೆಗೊತ್ತಿಕೊಂಡು, “ಇದೂ ಅವನ ಕೆಲಸಾನೇ” ಎಂದು ನೆಲಕ್ಕೆ ಕೂತರು. ಗಟ್ಟಿಯನ್ನು ಇಟ್ಟಿಗೆಯ ಮೇಲೆ ಅಲುಗದಂತೆ ಹಿಡಿದು, ಟೈರಿಗೆ ತಾಗಿಯೂ ತಾಗದಂತೆ ಇಟ್ಟು, ನನ್ನಿಂದ ಚಕ್ರ ತಿರುಗಿಸಿದರು. ಕಪ್ಪು ಟೈರಿನ ಮೇಲೆ ಬಿಳಿ ಗೆರೆ ಮೂಡುತ್ತ ಹೋಯಿತು. ಒಂದು ಕಡೆ, ಅಂಗೈಯಷ್ಟು ಅಗಲಕ್ಕೆ, ಗೆರೆ ಇಲ್ಲ. ಮತ್ತೆ ತಿರುಗಿಸಿದೆ. ಅಲ್ಲಿ ಮಾತ್ರ ವಿಭೂತಿ ತಾಗುತ್ತಿರಲಿಲ್ಲ. ದುಂಡಗಿರಬೇಕಾದ ಟೈರು ಅಷ್ಟು ಜಾಗದಲ್ಲಿ ಚಪ್ಪಟೆಯಾಗಿತ್ತು. ನಾಲ್ಕು ಚಕ್ರದಲ್ಲೂ ಇದೇ ಕತೆ.

ಸುಮತಿಯಕ್ಕ ಮಕ್ಕಳನ್ನು ಹಿಡಿದುಕೊಂಡು ನಿಂತಿದ್ದರು. “ಇದು ಹೇಗಾಗ್ತದೆ ಸರ್?”

ಶ್ರೀಕಂಠಯ್ಯನವರು ನನ್ನನ್ನು ಕೇಳಿದರು. “ಬೇಸಿಗೇಲಿ ನಾನು ಎರಡು ತಿಂಗಳು ಊರಿಗೆ ಹೋದಾಗ ಕೀಲಿ ನಿನ್ನ ಹತ್ರ ಇತ್ತಲ್ಲ. ಗಾಡಿ ಸ್ಟಾರ್ಟ್ ಮಾಡ್ತಿದ್ದೆ ತಾನೆ?”

“ಪ್ರತಿ ಶುಕ್ರವಾರ ಮಾಡಿದ್ದೇನೆ ಸರ್. ಬ್ಯಾಟರಿ ಹೋಗ್ಬಾರ್ದಲ್ಲ.”

“ಓಡಿಸ್ದೆಯಾ?”

ನಾನು ನಮ್ಮ ಪಾರ್ಕಿಂಗ್ ಜಾಗದ ಕಡೆ ನೋಡಿದೆ. ತಗಡಿನ ನೆರಳಿರುವ ಜಾಗ. ಬೇಸಿಗೆಯಲ್ಲಿ ಹಾಲು ತರಲೆಂದು ಹೋಗಿ ಬರುವುದರೊಳಗೆ ಇನ್ನೊಬ್ಬನ ಪಾಲಾಗುತ್ತದೆ. ಇಲ್ಲಿ ಯಾರೇ ರಜೆಗೆ ಹೋದರೂ ಕೀಲಿ ಕೊಡುವಾಗ ಹೇಳುವುದು ಒಂದೇ: ಸ್ಟಾರ್ಟ್ ಮಾಡು, ಜಾಗ ಬಿಡಬೇಡ. ನಾನು ಏಸಿ ಹಾಕಿಕೊಂಡು ಕೂತು, ನಾಲ್ಕು ಜನರ ಹಾಗೆ ಮಾತಾಡಿ, ಎಂಜಿನ್ ನಿಲ್ಲಿಸಿ ಬರುತ್ತಿದ್ದೆ. ಕುದಿಯುವ ನೆಲದ ಮೇಲೆ ಆ ನಾಲ್ಕು ಟೈರು ಎರಡು ತಿಂಗಳು ಒಂದೇ ಮಗ್ಗುಲಲ್ಲಿ ಮಲಗಿದ್ದವು.

“ಒಂದಡಿ ಸಹ ಅಲುಗಿಸಲಿಲ್ಲ ಸರ್” ಎಂದೆ.

ಬೈಗುಳಕ್ಕೆ ಕಾದೆ. ಅವರು ವಿಭೂತಿಯ ಕೈಯನ್ನೇ ತಲೆಗಿಟ್ಟುಕೊಂಡರು. “ಅಲುಗಿಸಬೇಡ ಅಂತ ಹೇಳಿದೋನು ನಾನೇ ಕಣಯ್ಯಾ. ರಿಫೈನರೀಲಿ ನಿಂತಿರೋ ಪಂಪಿನ ಶಾಫ್ಟನ್ನ ವಾರಕ್ಕೊಂದ್ಸಲ ಕೈಯಲ್ಲಿ ತಿರುಗಿಸಿ, ಇಲ್ದಿದ್ರೆ ಬಾಗತ್ತೆ ಅಂತ ಹುಡುಗರನ್ನ ಬೈಕೊಂಡು ಬಂದೋನು. ನನ್ನ ಗಾಡಿ ವಿಷಯಕ್ಕೆ ನೆರಳಿನ ಆಸೆಗೆ ಬಿದ್ದೆ.”

ಆ ಸಂಜೆಯೇ ಸುಮತಿಯಕ್ಕ ಪ್ರಿನ್ಸಿಪಾಲರಿಗೆ ಬರುತ್ತೇನೆಂದು ಹೇಳಿಬಿಟ್ಟರು. ಗುರುವಾರ ನಾಲ್ಕು ಹೊಸ ಟೈರು ಬಿತ್ತು. ಅಂದು ಅವರಿಗೆ ಆಫೀಸಿನಲ್ಲಿ ಬೀಳ್ಕೊಡುಗೆ, ಹೆದ್ದಾರಿಗೆ ಹೋಗಿ ನೋಡಲು ಆಗಲಿಲ್ಲ. ಗುಂಡಿಯನ್ನೂ ಒತ್ತಲಿಲ್ಲ. “ನಾಳೆ ಏರ್‌ಪೋರ್ಟಿಗೆ ಇದ್ರಲ್ಲೇ ಹೋಗೋಣ. ಸುಮತಿ ಓಡಿಸ್ಲಿ. ನಾನು ನೋಡಿ ಹೇಳ್ತೀನಿ.”

ಅವರು ಊರಿಗೆ ಹೋದ ಮೇಲೆ ಈಗ ಅವರ ಮನೆಯಲ್ಲಿ ಬೇರೆಯವರಿದ್ದಾರೆ. ಲಿಫ್ಟ್ ಎಂತಹ ಸದ್ದು ಮಾಡಿದರೂ ಯಾರೂ ಇಳಿಯುವುದಿಲ್ಲ. ಕಾರ್ಯಕ್ರಮಗಳಲ್ಲಿ ಪ್ರದಕ್ಷಿಣೆ ಮಾಡು ಎಂದು ಜನ ಕೂಗುತ್ತಾರೆ, ನಾನು ಮ್ಯಾನೇಜರನ ‘ಬುಕ್ರಾ’ ಮಾಡಿ ಇಳಿದುಬಿಡುತ್ತೇನೆ. ಮಾತಾಡುವಾಗ ಯಾರಾದರೂ ಪಕ್ಕ ಬದಲಿಸಿದರೆ ನನ್ನ ಕಣ್ಣು ಅವರ ಕಿವಿಯ ಕಡೆ ಹೋಗುತ್ತದೆ. ಮೈಸೂರಿನಿಂದ ಅವರು ಫೋನ್ ಮಾಡುವುದು ಕಮ್ಮಿ, ಫೋನಿನಲ್ಲಿ ಸರಿಯಾಗಿ ಕೇಳಿಸುವುದಿಲ್ಲ.

ಅಂದು ಶುಕ್ರವಾರ ಸಂಜೆ ಸುಮತಿಯಕ್ಕ ಓಡಿಸಿದರು. ಶ್ರೀಕಂಠಯ್ಯನವರು ಪಕ್ಕದ ಸೀಟಿನಲ್ಲಿ, ಕೋಟು ಹಾಕಿಕೊಂಡು, ಎರಡೂ ಕೈಯನ್ನು ಮೊಣಕಾಲ ಮೇಲಿಟ್ಟು ಕೂತಿದ್ದರು. ನಾನು ಹಿಂದೆ, ಸೂಟ್‌ಕೇಸಿನ ಪಕ್ಕ. ಎಂಬತ್ತು ದಾಟಿತು. ನಾನು ಕಿವಿಗೊಟ್ಟೆ. ಹೂಂಕಾರ ಇರಲಿಲ್ಲ. ತೊಂಬತ್ತು, ನೂರು. ಬರೀ ಗಾಳಿ.

“ಇಲ್ಲ ಸರ್” ಎಂದೆ ಅವರ ಬಲಗಿವಿಗೆ ಬಾಗಿ.

“ಇದೆ” ಎಂದರು. “ಸಣ್ಣಗಿದೆ. ನಂಗೆ ಕೈಗೆ ಗೊತ್ತಾಗ್ತಿದೆ.”

ಸುಮತಿಯಕ್ಕ ಕನ್ನಡಿಯಲ್ಲಿ ನನ್ನನ್ನು ನೋಡಿದರು. ನಾನು ಇಲ್ಲವೆಂದು ತಲೆಯಾಡಿಸಿದೆ. ಅವರು ಸ್ಟೇರಿಂಗನ್ನು ಇನ್ನೂ ಬಿಗಿಯಾಗಿ ಹಿಡಿದರು. ಬಲಕ್ಕೆ ವಾಲಿಸು, ಎಡಕ್ಕೆ ವಾಲಿಸು, ನಿಧಾನ ಮಾಡು ಎಂದು ಇವರು ಹೇಳುತ್ತಲೇ ಹೋದರು. ಆಕೆ ಹೇಳಿದ್ದನ್ನೆಲ್ಲ ಮಾಡಿದರು. ಪ್ರತಿ ಸಲವೂ “ಇದೆ” ಎಂದೇ ಉತ್ತರ. ನನ್ನ ಮಾತನ್ನು ಅವರು ನಂಬಲು ನಾನೇ ದಾರಿ ಉಳಿಸಿರಲಿಲ್ಲ.

ಏರ್‌ಪೋರ್ಟಿನ ಪಾರ್ಕಿಂಗಿನಲ್ಲಿ ನಿಂತೆವು. ತಲೆಯ ಮೇಲೆ ವಿಮಾನಗಳು ಏರುತ್ತಿದ್ದವು. ಅವರು ಇಳಿಯಲಿಲ್ಲ. ಮೊಬೈಲ್ ತೆರೆದೇ ತೊಡೆಯ ಮೇಲಿತ್ತು, ಬೆರಳು ಗುಂಡಿಯ ಹತ್ತಿರ ಹೋಗಿ ಹಿಂದಕ್ಕೆ ಬರುತ್ತಿತ್ತು. “ಬೇಡಮ್ಮಾ” ಎಂದರು. “ಭಾನುವಾರ ಟ್ಯಾಕ್ಸೀಲಿ ಹೋಗು. ನೋಡು, ನಿಂತಿದ್ರೂ ನಡುಗ್ತಿದೆ. ಮೂವತ್ತು ವರ್ಷ ಇದೇ ಕೆಲಸ ಮಾಡ್ದೋನು ನಾನು, ನಂಗೆ ತಿಳಿಯಲ್ವಾ? ಇದನ್ನ ಹೀಗೆ ಬಿಟ್ಟು ನಾನು ಹೋಗಲ್ಲ.”

ಅವರು ಆ ಗುಂಡಿ ಒತ್ತಿದರು, ಇಳಿದರು, ಹಿಂದೆ ನೋಡದೆ ಹೋದರು. ಅಷ್ಟನ್ನೂ ಮಾಡಿಸಿದ್ದು ಸುಮತಿಯಕ್ಕನ ಒಂದೇ ಮಾತು. ಅವರ ಮೊಣಕಾಲ ಮೇಲೆ ಮೆಲ್ಲಗೆ ಕೈಯಿಟ್ಟು, ಅವರಿಗೆ ಕೇಳಿಸುವಷ್ಟು ಜೋರಾಗಿ ಹೇಳಿದರು:

“ಗಾಡಿ ಆಫ್ ಮಾಡಿ ಆಗಿದೆ ಸರ್. ಈಗ ನಡುಗುವುದು ನಿಮ್ಮ ಕಾಲು.”